ಉಳಿಸಿದ ಕರೆಂಟಿಗೆ ದುಡ್ಡು ಕೊಡಿ ಸಾರ್: ಇಂಧನ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಇಂಧನ ಸಚಿವರಿಗೆ ನಮಸ್ಕಾರ.

ಈ ಪತ್ರ ಬರೆಯೋಕೆ ಕೂತಾಗ ರಾತ್ರಿ ಎರಡು ಗಂಟೆ. ಒಂದೂಮುಕ್ಕಾಲಿಗೆ ತ್ರೀ ಫೇಸ್ ಬಂತು, ಪಂಪ್‌ಸೆಟ್ ಓಡೋಕೆ ಬೇಕಾದ ಕರೆಂಟು. ಬೋರಿನ ಹತ್ತಿರ ಇರುವ ಮೊಬೈಲ್ ಸ್ಟಾರ್ಟರ್ ನನ್ನ ಫೋನಿಗೆ ಕಾಲ್ ಮಾಡಿ, ಮೋಟ್ರು ಆನ್ ಆಗಿದೆ ಅಂತ ಹೆಣ್ಣು ದನಿಯಲ್ಲಿ ಹೇಳಿತು. ಪಕ್ಕದಲ್ಲಿ ಮಲಗಿದ್ದ ನಮ್ಮನೆಯವಳು, ಈ ಹೊತ್ತಲ್ಲಿ ಯಾರ್ರೀ ಅದು ಅಂದಳು. ಹೊರಗೆ ಸಂಜೆಯಿಂದ ಹಿಡಿದ ಮಳೆ ಇನ್ನೂ ಬಿಟ್ಟಿರಲಿಲ್ಲ. ತೋಟದ ಪಾತಿಗಳೆಲ್ಲ ತುಂಬಿ ನೀರು ನಿಂತಿತ್ತು. ಆ ಮಳೆಯಲ್ಲಿ, ಆ ನಿಂತ ನೀರಿನ ಮೇಲೆ, ನನ್ನ ಮೋಟ್ರು 800 ಅಡಿ ಆಳದಿಂದ ನೀರೆತ್ತಿ ತಂದು ಸುರೀತಿತ್ತು.

ನಾನು ಫೋನಿನಲ್ಲೇ ಆಫ್ ಮಾಡಿದೆ. ಆದರೆ ಜಗಲಿಗೆ ಬಂದು ನೋಡಿದರೆ ನಮ್ಮ ಸಾಲಿನ ಬೇರೆ ಪ್ಯಾನಲ್ ಬೋರ್ಡುಗಳ ಕೆಂಪು ದೀಪ ಹೊಲದಲ್ಲಿ ಅಲ್ಲೊಂದು ಇಲ್ಲೊಂದು ಉರೀತಿತ್ತು. ಅವರೂ ಆಫ್ ಮಾಡಬಹುದಿತ್ತಲ್ವಾ ಅಂತ ನೀವು ಕೇಳಬಹುದು. ನಾನು ತಿರುಗಿ ಒಂದು ಮಾತು ಕೇಳ್ತೀನಿ. ಆಫ್ ಮಾಡಿದರೆ ಅವರಿಗೆ ಏನು ಸಿಗುತ್ತೆ? ಓಡಿಸಿದರೂ ಸೊನ್ನೆ, ನಿಲ್ಲಿಸಿದರೂ ಸೊನ್ನೆ. ಮಳೆಯಲ್ಲಿ ಯಾರು ಎದ್ದು ಹೋಗ್ತಾರೆ? ಮಧುಗಿರಿ ಕಡೆ ಬೆಟ್ಟದ ಮಗ್ಗುಲಲ್ಲಿ ತೋಟ ಇರೋರಿಗೆ ರಾತ್ರಿ ಕರಡಿ ಕಾಟ, ಚಿರತೆ ಕಾಟ, ಹಾವಂತೂ ಹೇಳೋದೇ ಬೇಡ. ಆಟೋ ಸ್ಟಾರ್ಟರ್ ಹಾಕಿಸಿದ್ದು ಸೋಮಾರಿತನಕ್ಕಲ್ಲ, ಜೀವ ಉಳಿಸಿಕೊಳ್ಳೋಕೆ. ಒಂದು ಸಲ ಹಾಕಿಸಿದ ಮೇಲೆ ಮಾತ್ರ ಅದು ಬಿಸಿಲು, ಮಳೆ, ಬೇಕು, ಬೇಡ ಯಾವುದನ್ನೂ ನೋಡಲ್ಲ. ಕರೆಂಟ್ ಬಂದರೆ ಓಡುತ್ತೆ, ಹೋದರೆ ನಿಲ್ಲುತ್ತೆ, ಅಷ್ಟೇ.

ಹಸಿರು ಆರ್ಥಿಕತೆ ಅಂತ ಬೆಂಗಳೂರಲ್ಲಿ ದೊಡ್ಡ ದೊಡ್ಡ ಸಭೆ ನಡೆಯುತ್ತವೆ. ಅಲ್ಲಿ ಎಲೆಕ್ಟ್ರಿಕ್ ಕಾರು, ಹೈಡ್ರೋಜನ್, ಬ್ಯಾಟರಿ ಎಲ್ಲ ಬರುತ್ತೆ. ಬರಲಿ, ಬೇಡ ಅನ್ನಲ್ಲ. ಆದರೆ ಈ ರಾಜ್ಯದ ಕರೆಂಟಿನಲ್ಲಿ ಸುಮಾರು ಮೂರನೇ ಒಂದು ಪಾಲು ನಮ್ಮಂಥವರ ಪಂಪ್‌ಸೆಟ್ಟಿಗೆ ಹೋಗುತ್ತೆ. ಸುಮಾರು 34 ಲಕ್ಷ ಪಂಪ್‌ಸೆಟ್. 10 ಎಚ್‌ಪಿವರೆಗೆ ಫ್ರೀ, 2008ರಿಂದ. ಅದಕ್ಕೆ ಸರ್ಕಾರ ವರ್ಷಕ್ಕೆ 10 ಸಾವಿರ ಕೋಟಿ ರೂಪಾಯಿಗೂ ಜಾಸ್ತಿ ತುಂಬಿಕೊಡುತ್ತೆ. ಹಸಿರು, ಉಳಿತಾಯ ಅಂತ ಮಾತಾಡೋರು ಮೊದಲು ನೋಡಬೇಕಾದ ಜಾಗ ನಮ್ಮ ಪ್ಯಾನಲ್ ಬೋರ್ಡು ಸಾರ್.

ಇಷ್ಟು ಓದಿದ ಕೂಡಲೇ ರೈತಸಂಘದ ನನ್ನ ಗೆಳೆಯರು ಫೋನ್ ಎತ್ತಿಕೊಂಡಿರ್ತಾರೆ. ಸ್ವಲ್ಪ ತಡೀರಿ. ಫ್ರೀ ಕರೆಂಟ್ ನಿಲ್ಲಿಸಿ ಅಂತ ನಾನು ಹೇಳ್ತಾ ಇಲ್ಲ. ಅದನ್ನು ನಿಲ್ಲಿಸಿದರೆ ಮೊದಲು ಮುಳುಗೋದು ನಾನೇ. ನಾನು ಹೇಳ್ತಿರೋದು ಇಷ್ಟು: ಈಗ ಕೊಡ್ತಿರೋದನ್ನ ಕೊಡಿ, ಅದರಲ್ಲಿ ನಾನು ಎಷ್ಟು ಬಳಸದೆ ಉಳಿಸಿದೆನೋ ಅಷ್ಟಕ್ಕೆ ನನ್ನ ಅಕೌಂಟಿಗೆ ದುಡ್ಡು ಹಾಕಿ.

ಮೊದಲು ಲೆಕ್ಕ ಹೇಳಿಬಿಡ್ತೀನಿ, ಯಾಕಂದರೆ ಲೆಕ್ಕ ನೋಡದೆ ಈ ವಿಷಯದಲ್ಲಿ ಎಲ್ಲರೂ ಸುಮ್ನೆ ಜಗಳ ಆಡ್ತಾರೆ. ನನ್ನದು ಏಳೂವರೆ ಎಚ್‌ಪಿ ಸಬ್‌ಮರ್ಸಿಬಲ್. ಇಪ್ಪತ್ತು ಅಡಿಯ ಪೈಪು ನಲವತ್ತು ಇಳಿಸಿದೆ, ಅಂದರೆ 800 ಅಡಿ. ಶ್ರವಣಬೆಳಗೊಳದ ಗೊಮ್ಮಟನನ್ನು ಒಬ್ಬರ ತಲೆ ಮೇಲೆ ಒಬ್ಬರಂತೆ ಹದಿನಾಲ್ಕು ಸಲ ನಿಲ್ಲಿಸಿದರೆ ಎಷ್ಟಾಗುತ್ತೋ ಅಷ್ಟು. ಅಷ್ಟು ಆಳದಿಂದ ಸಾವಿರ ಲೀಟರ್ ನೀರು, ಅಂದರೆ ಒಂದು ಟನ್ ತೂಕ, ಮೇಲೆತ್ತೋಕೆ ಲೆಕ್ಕದ ಪ್ರಕಾರ ಮುಕ್ಕಾಲು ಯೂನಿಟ್ ಒಳಗೆ ಕರೆಂಟ್ ಸಾಕು. ನನ್ನ ಮೋಟ್ರು ಎರಡು ಯೂನಿಟ್ ಮೇಲೆ ತಿನ್ನುತ್ತೆ. ಮೂರು ಸಲ ರೀವೈಂಡಿಂಗ್ ಆಗಿರೋ ಮೋಟ್ರು, ಮರಳು ತಿಂದು ಸವೆದ ಪಂಪು, ಇನ್ನೇನು ಮಾಡೀತು. ಗಂಟೆಗೆ ಬರೋದು ಮೂರು ಸಾವಿರ ಲೀಟರ್, ನಮ್ಮ ಭಾಷೆಯಲ್ಲಿ ಎರಡಿಂಚು ನೀರು. ಏಳು ಗಂಟೆ ಓಡಿದರೆ ಸುಮಾರು 45 ಯೂನಿಟ್. ಯೂನಿಟ್ಟಿಗೆ ಸರ್ಕಾರಕ್ಕೆ ಏಳು ರೂಪಾಯಿ ಬೀಳುತ್ತೆ ಅಂತ ಇಟ್ಟುಕೊಂಡರೆ ದಿನಕ್ಕೆ ಮುನ್ನೂರ ಹದಿನೈದು ರೂಪಾಯಿ. ಮಳೆ ಬಂದು ಪಾತಿ ತುಂಬಿರೋ ದಿನವೂ ಅಷ್ಟೇ.

ಹೋದ ವರ್ಷ ಒಂದು ಅವರ್ ಮೀಟರ್ ತಂದು ಬೋರ್ಡಿಗೆ ಹಾಕಿಸಿದೆ. ಮೋಟ್ರು ಎಷ್ಟು ಗಂಟೆ ಓಡಿತು ಅಂತ ತೋರಿಸುವ ಸಣ್ಣ ಡಬ್ಬಿ, ಟ್ರ್ಯಾಕ್ಟರಿಗೆ ಇರುತ್ತಲ್ಲ, ಅಂಥದ್ದು. ಕ್ಯಾಲೆಂಡರಿನ ಹಿಂದೆ ಬರೆದಿಡ್ತಾ ಬಂದೆ. ಮೊದಲ ತಿಂಗಳು 190 ಗಂಟೆ ಬಂತು. ನನಗೇ ನಾಚಿಕೆ ಆಯ್ತು, ಯಾಕಂದರೆ ಆ ತಿಂಗಳು ಎಂಟು ದಿನ ಮಳೆ ಬಂದಿತ್ತು. ಆಮೇಲೆ ಡ್ರಿಪ್ಪಿನ ಲ್ಯಾಟ್ರಲ್, ಅಂದರೆ ಗಿಡದ ಬುಡಕ್ಕೆ ಹೋಗೋ ಸಣ್ಣ ಪೈಪು, ಎಲ್ಲ ಬಿಚ್ಚಿ ತೊಳೆದೆ, ಬುಡಕ್ಕೆ ಗರಿ, ಸಿಪ್ಪೆ ಮುಚ್ಚಿದೆ, ಟೈಮರ್ ಇಟ್ಟೆ. ಮೂರನೇ ತಿಂಗಳಿಗೆ 100 ಗಂಟೆಗೆ ಇಳೀತು. ಅಡಿಕೆ ಗಿಡಕ್ಕೆ ಏನೂ ಆಗಲಿಲ್ಲ. ಆಗಬೇಕಾಗಿಯೂ ಇಲ್ಲ. ಡ್ರಿಪ್ಪಿನಲ್ಲಿ ಬೆಳೆದ ಮರಕ್ಕೆ ಬೇಸಿಗೆಯಲ್ಲಿ ದಿನಕ್ಕೆ ಹದಿನಾರರಿಂದ ಇಪ್ಪತ್ತು ಲೀಟರ್ ಸಾಕು ಅಂತ ಕಾಸರಗೋಡಿನ ಸಂಶೋಧನಾ ಕೇಂದ್ರದವರು ಎಷ್ಟೋ ವರ್ಷದಿಂದ ಹೇಳ್ತಾನೇ ಇದ್ದಾರೆ. ನನ್ನದು ಎಂಟುನೂರು ಮರ. ಐದು ಗಂಟೆ ಮೋಟ್ರು ಓಡಿದರೆ ಬೇಸಿಗೆಯೂ ಕಳೆಯುತ್ತೆ, ಮಳೆಗಾಲದಲ್ಲಿ ಬಹಳ ದಿನ ಮೋಟ್ರೇ ಬೇಡ.

90 ಗಂಟೆ ಕಮ್ಮಿ ಆಯ್ತಲ್ಲ, ಅದು ತಿಂಗಳಿಗೆ ಹತ್ತಿರ ಹತ್ತಿರ 580 ಯೂನಿಟ್. ಸರ್ಕಾರಕ್ಕೆ ಉಳಿದದ್ದು ನಾಲ್ಕು ಸಾವಿರ ರೂಪಾಯಿ. ನನಗೆ ಉಳಿದದ್ದು? ಲ್ಯಾಟ್ರಲ್ ತೊಳೆದ ಬೆನ್ನು ನೋವು. ಇದನ್ನು ನಮ್ಮ ದೊಡ್ಡಪ್ಪನಿಗೆ ಹೇಳಿದರೆ ಅವರು ನಕ್ಕರು. "ನೀನು ಉಳಿಸಿದ ನೀರನ್ನ ಪಕ್ಕದವನ ಬೋರು ಎಳ್ಕೊಳ್ತು ಬಿಡೋ" ಅಂದರು. ಅವರ ಮಾತಲ್ಲಿ ಸುಳ್ಳಿಲ್ಲ. ಭೂಮಿ ಒಳಗಿನ ನೀರಿಗೆ ಬೇಲಿ ಇಲ್ಲ. ನಾನು ಒಬ್ಬ ಉಳಿಸಿದರೆ ಅದು ಉಳಿತಾಯ ಆಗಲ್ಲ, ದಾನ ಆಗುತ್ತೆ.

ಪಂಜಾಬಿನವರು 2018ರಲ್ಲಿ ಒಂದು ಕೆಲಸ ಮಾಡಿದರು. 'ಪಾನಿ ಬಚಾವೊ ಪೈಸೆ ಕಮಾವೊ' ಅಂತ ಹೆಸರು, ನೀರು ಉಳಿಸಿ ದುಡ್ಡು ಗಳಿಸಿ ಅಂತ ಅರ್ಥ. ಆರು ಫೀಡರಿನಲ್ಲಿ, ಅಂದರೆ ಸಬ್‌ಸ್ಟೇಷನ್ನಿನಿಂದ ಹೊರಡೋ ಆರು ಲೈನಿನಲ್ಲಿ, ಶುರು ಮಾಡಿದರು. ರೈತನಿಗೆ ಇಷ್ಟು ಯೂನಿಟ್ ನಿನ್ನ ಪಾಲು ಅಂತ ಗೊತ್ತು ಮಾಡಿದರು, ಅದಕ್ಕಿಂತ ಕಮ್ಮಿ ಬಳಸಿದರೆ ಉಳಿದ ಪ್ರತಿ ಯೂನಿಟ್ಟಿಗೆ ನಾಲ್ಕು ರೂಪಾಯಿ ನೇರ ಬ್ಯಾಂಕ್ ಖಾತೆಗೆ. ಜಾಸ್ತಿ ಬಳಸಿದರೆ ದಂಡ ಇಲ್ಲ, ಬಿಲ್ಲೂ ಇಲ್ಲ. ಪಂಜಾಬ್ ಅಂದರೆ ನೆನಪಿರಲಿ, ಫ್ರೀ ಕರೆಂಟಿನ ವಿಷಯದಲ್ಲಿ ನಮಗಿಂತ ಹಟ ಇರೋ ರಾಜ್ಯ, ಭತ್ತಕ್ಕೆ ನೀರು ಕಟ್ಟಿ ಕಟ್ಟಿ ಅಂತರ್ಜಲ ಪಾತಾಳ ಕಂಡಿರೋ ರಾಜ್ಯ. ಅಂಥ ಕಡೆ ರೈತರು ತಾವಾಗಿ ಹೆಸರು ಬರೆಸಿ ಮೀಟರ್ ಹಾಕಿಸಿಕೊಂಡರು. ಯಾಕೆ? ಆ ಮೀಟರ್ ದುಡ್ಡು ಕೇಳೋ ಮೀಟರ್ ಅಲ್ಲ, ದುಡ್ಡು ಕೊಡೋ ಮೀಟರ್.

ನಮ್ಮಲ್ಲಿ ಮೀಟರ್ ಅಂದ ಕೂಡಲೇ ಜಗಳ. ಪಂಪ್‌ಸೆಟ್ ಕನೆಕ್ಷನ್ನಿನ ಆರ್‌ಆರ್ ನಂಬರಿಗೆ ಆಧಾರ್ ಜೋಡಿಸಿ ಅಂದಾಗಲೇ ಪ್ರತಿಭಟನೆ ಆಯ್ತು, ಇವತ್ತು ಆಧಾರ್, ನಾಳೆ ಮೀಟರ್, ನಾಡಿದ್ದು ಬಿಲ್ಲು ಅಂತ. ಆ ಅನುಮಾನ ತಪ್ಪು ಅಂತ ನಾನು ಹೇಳಲ್ಲ. ಬೋರ್ಡು, ಕಂಪನಿ, ಎಸ್ಕಾಂ ಅಂತ ಹೆಸರು ಬದಲಾದವೇ ಹೊರತು ರೈತನ ಮನೆಗೆ ಅವರು ಬಂದಾಗ ಒಳ್ಳೆ ಸುದ್ದಿ ತಂದಿದ್ದು ಕಮ್ಮಿ. ಆದರೆ ಮೀಟರ್ ಇಲ್ಲದಿರೋದರಿಂದ ನಮಗೂ ಒಂದು ನಷ್ಟ ಇದೆ, ಅದನ್ನ ಯಾರೂ ಹೇಳಲ್ಲ. ನಮ್ಮ ಪಂಪ್‌ಸೆಟ್ಟಿಗೆ ಎಷ್ಟು ಕರೆಂಟ್ ಹೋಯ್ತು ಅನ್ನೋದು ಅಂದಾಜು. ಎಣಿಸಿದ ಲೆಕ್ಕ ಅಲ್ಲ. ಲೈನಿನಲ್ಲಿ ಸೋರಿದ್ದು, ಕೊಕ್ಕೆ ಹಾಕಿ ಎಳೆದದ್ದು, ಯಾರ ಲೆಕ್ಕಕ್ಕೂ ಬರದೆ ಉಳಿದದ್ದು, ಇವೆಲ್ಲ ರೈತನ ಖಾತೆಗೆ ಜಾರಿ ಬೀಳೋಕೆ ಎಷ್ಟು ಹೊತ್ತು ಬೇಕು? ಆಮೇಲೆ ಟಿವಿಯಲ್ಲಿ ಕೂತವರು ರೈತರಿಗೆ ಇಷ್ಟು ಸಾವಿರ ಕೋಟಿ ಸುರಿದೆವು ಅಂತಾರೆ. ನಾನು ತಿಂದಷ್ಟನ್ನ ಮಾತ್ರ ನನ್ನ ಹೆಸರಿಗೆ ಬರೀರಿ ಸ್ವಾಮಿ.

ಈಗ ನನ್ನ ಸಲಹೆಯಲ್ಲಿ ಇರುವ ತೂತನ್ನ ನಾನೇ ಹೇಳಿಬಿಡ್ತೀನಿ. ಒಬ್ಬೊಬ್ಬರಿಗೆ ಒಂದೊಂದು ಮೀಟರ್ ಹಾಕಿ ಉಳಿಸಿದ್ದಕ್ಕೆ ದುಡ್ಡು ಅಂದರೆ, ನಮ್ಮ ಜನ ಮೀಟರ್ ಪಕ್ಕದಲ್ಲೇ ಇನ್ನೊಂದು ವೈರ್ ಎಳೀತಾರೆ. ಸಿಂಗಲ್ ಫೇಸ್ ಕರೆಂಟಿನಲ್ಲಿ ಕನ್ವರ್ಟರ್ ಹಾಕಿ ತ್ರೀ ಫೇಸ್ ಮೋಟ್ರು ಓಡಿಸೋ ಬುದ್ಧಿವಂತರು ನಾವು, ಇದು ಯಾವ ಲೆಕ್ಕ. 34 ಲಕ್ಷ ಮೀಟರ್ ಕಾಯೋಕೆ ನಿಮ್ಮ ಹತ್ತಿರ ಲೈನ್‌ಮ್ಯಾನೂ ಇಲ್ಲ. ಇರೋ ಒಬ್ಬ ಹುಡುಗನೇ ಏಳೆಂಟು ಊರಿಗೆ ಕಂಬ ಹತ್ತಬೇಕು.

ಅದಕ್ಕೇ ಮೀಟರ್ ಮನುಷ್ಯನಿಗೆ ಹಾಕಬೇಡಿ, ಟಿಸಿಗೆ, ಅಂದರೆ ಟ್ರಾನ್ಸ್‌ಫಾರ್ಮರಿಗೆ ಹಾಕಿ ಅಂತೀನಿ.

ಒಂದು ಟಿಸಿ ಕೆಳಗೆ ಆರೋ ಎಂಟೋ ಹತ್ತೋ ಸೆಟ್ಟು ಇರ್ತವೆ. ಈ ಆರೆಂಟು ಜನ ಈಗಾಗಲೇ ಒಂದು ಸಂಘ, ಕಾಗದದ ಮೇಲೆ ಇಲ್ಲ ಅಷ್ಟೇ. ಟಿಸಿ ಸುಟ್ಟುಹೋದ ದಿನ ನೋಡಬೇಕು ನೀವು. ಅವತ್ತು ಸಂಜೆ ಒಳಗೆ ತಲೆಗೆ ಐನೂರರಂತೆ ಎತ್ತಿ ಆಗಿರುತ್ತೆ. ಯಾರದೋ ಟ್ರ್ಯಾಕ್ಟರು, ಯಾರದೋ ಡೀಸೆಲ್ಲು. ವರ್ಷದಿಂದ ಮಾತು ಬಿಟ್ಟ ಅಣ್ಣ ತಮ್ಮಂದಿರೂ ಅವತ್ತು ಒಂದೇ ಟ್ರೈಲರಿನಲ್ಲಿ ಸುಟ್ಟ ಟಿಸಿಯನ್ನ ಹಗ್ಗದಲ್ಲಿ ಕಟ್ಟಿ ಹಿಡ್ಕೊಂಡು ಕೂತಿರ್ತಾರೆ. ಹೋದ ಸಲ ನಮ್ಮದು ಸುಟ್ಟಾಗ ಒಂದು ಕಚೇರಿಯ ಅಂಗಳದಲ್ಲಿ ಮೂರು ದಿನ ಹಾಗೇ ಕಾದೆವು. ಬುತ್ತಿ ಮಾತ್ರ ಎಂಟೂ ಮನೆಯಿಂದ ಬಂದಿತ್ತು. ಟಿಸಿ ಯಾಕೆ ಸುಡ್ತು ಅಂತ ಎಲ್ಲರಿಗೂ ಗೊತ್ತಿತ್ತು. ಕರೆಂಟ್ ಬಂದ ಕ್ಷಣ ಎಂಟೂ ಆಟೋ ಸ್ಟಾರ್ಟರ್ ಒಟ್ಟಿಗೆ ಎಳೆದರೆ ಇನ್ನೇನಾಗುತ್ತೆ.

ಈ ಟಿಸಿಗೆ ಒಂದು ಮೀಟರ್ ಹಾಕಿ. ಇಲ್ಲಿರೋ ಎಚ್‌ಪಿ ಎಲ್ಲ ಸೇರಿಸಿ, ಬೆಳೆ ನೋಡಿ, ಕಾಲ ನೋಡಿ, ತಿಂಗಳಿಗೆ ಇಷ್ಟು ಯೂನಿಟ್ ಇವರ ಪಾಲು ಅಂತ ಬರೆದುಕೊಡಿ. ಪಾಲು ಈಗಿನ ಬಳಕೆಗಿಂತ ಕಮ್ಮಿ ಇಡಬೇಡಿ, ಇಟ್ಟರೆ ಯೋಜನೆ ಮೊದಲ ದಿನವೇ ಸಾಯುತ್ತೆ. ಉಳಿದ ಯೂನಿಟ್ಟಿಗೆ ನಾಲ್ಕು ರೂಪಾಯಿಯಂತೆ ಲೆಕ್ಕ ಹಾಕಿ ಅಷ್ಟೂ ಜನಕ್ಕೆ ಹಂಚಿ. ಆಗ ಮಳೆಯಲ್ಲಿ ಮೋಟ್ರು ಓಡಿಸೋನಿಗೆ ನಿಮ್ಮ ಇಂಜಿನಿಯರ್ ಹೇಳೋದು ಬೇಕಿಲ್ಲ. ಪಕ್ಕದ ಹೊಲದವನು ಹೋಗಿ, "ಏನಣ್ಣ, ನಮ್ಮ ದುಡ್ಡು ಸುರೀತಾ ಇದೀಯಲ್ಲ" ಅಂತ ಕೇಳ್ತಾನೆ. ಕೊಕ್ಕೆ ಹಾಕೋರನ್ನೂ ಅವರೇ ಹಿಡೀತಾರೆ.

ಇದೇನು ನಮಗೆ ಹೊಸದಲ್ಲ. ನಮ್ಮ ಕಡೆ, ಮಧುಗಿರಿ, ಕೊರಟಗೆರೆ, ಪಾವಗಡ, ಶಿರಾ ಸುತ್ತ ತಲಪರಿಗೆ ಅಂತ ಇದ್ದವು. ಮರಳಿನ ನೆಲದಲ್ಲಿ, ಹಳ್ಳದ ಮಗ್ಗುಲಲ್ಲಿ ತಾನಾಗಿ ಉಕ್ಕುವ ನೀರು, ಅದಕ್ಕೊಂದು ಕಾಲುವೆ, ಆ ಕಾಲುವೆ ನೀರಿಗೆ ಸರದಿ. ಯಾರಿಗೆ ಎಷ್ಟು ಹೊತ್ತು ಅನ್ನೋದು ಊರಿಗೆ ಗೊತ್ತು. ಕೆರೆ ಕೆಳಗೆ ನೀರುಗಂಟಿ ಇದ್ದ, ಅವನು ಹೇಳಿದ್ದೇ ಮಾತು. ನಮ್ಮ ತಾತ ಕಪಿಲೆ ಹೊಡೀತಿದ್ದರು. ಎತ್ತು ಸುಸ್ತಾದರೆ ನೀರೂ ನಿಲ್ಲುತ್ತಿತ್ತು, ಹಾಗಾಗಿ ಯಾವ ಬೆಳೆಗೆ ಎಷ್ಟು ನೀರು ಬೇಕು ಅಂತ ಅವರಿಗೆ ಮೈಯಲ್ಲೇ ಗೊತ್ತಿತ್ತು. ಜಯಮಂಗಲಿ ಹೊಳೆಯ ಮರಳನ್ನ ಲಾರಿಯವರು ಬಾಚಿಕೊಂಡು ಹೋದರು, ತಿರುಚೆಂಗೋಡಿನ ರಿಗ್ ಲಾರಿಗಳು ಊರೂರಿಗೆ ಬಂದವು, ತೆಂಗಿನಕಾಯಿ ಹಿಡಿದು ಪಾಯಿಂಟ್ ನೋಡೋರು ಬಂದರು, 200 ಅಡಿ 400 ಆಯ್ತು, 400 ಇದ್ದದ್ದು 800 ಆಯ್ತು. ತಲಪರಿಗೆ ಬಹುತೇಕ ಬತ್ತಿಹೋದವು. ಆಳದ ನೀರಿನ ಜೊತೆ ಫ್ಲೋರೈಡೂ ಮೇಲೆ ಬಂತು. ಪಾವಗಡದ ಮಕ್ಕಳ ಹಲ್ಲು ನೋಡಿ, ಮತ್ತೆ ನಾನೇನೂ ಹೇಳಬೇಕಾಗಿಲ್ಲ.

ಅಂದ ಹಾಗೆ ಪಾವಗಡ. ನಮ್ಮ ಪಕ್ಕದ ತಾಲೂಕು. ಅಲ್ಲಿ ತಿರುಮಣಿ ಸುತ್ತ ಐದು ಊರಿನ 13 ಸಾವಿರ ಎಕರೆಯಲ್ಲಿ ಸೋಲಾರ್ ಪಾರ್ಕ್ ಇದೆ, 2,050 ಮೆಗಾವ್ಯಾಟ್. ಜಮೀನು ಕೊಂಡುಕೊಳ್ಳದೆ ಗುತ್ತಿಗೆಗೆ ತಗೊಂಡರು, ಎಕರೆಗೆ ವರ್ಷಕ್ಕೆ 21 ಸಾವಿರದಿಂದ ಶುರು. ಅದು ಒಳ್ಳೆ ಉಪಾಯ, ಮೆಚ್ಚಬೇಕಾದ್ದೇ. ಜಮೀನು ಇಲ್ಲದ ಕೂಲಿಯವರಿಗೆ ಏನು ಸಿಕ್ಕಿತು ಅನ್ನೋದು ಬೇರೆ ಪ್ರಶ್ನೆ, ಅದಕ್ಕೆ ಇನ್ನೊಂದು ಪತ್ರ ಬೇಕಾಗುತ್ತೆ. ಆ ಪಾರ್ಕಿನ ಕರೆಂಟು ದೊಡ್ಡ ಟವರ್ ಲೈನಿನಲ್ಲಿ ನಮ್ಮ ತಾಲೂಕಿನ ಮೇಲೇ ಹೋಗುತ್ತೆ. ಮಧ್ಯಾಹ್ನ ಹನ್ನೆರಡಕ್ಕೆ ಅದರ ಕೆಳಗೆ ನಿಂತರೆ ಗುಂಯ್ ಅಂತ ಸದ್ದು. ಆ ಹೊತ್ತಿಗೆ ನನ್ನ ಮೋಟ್ರಿಗೆ ಕರೆಂಟ್ ಇಲ್ಲ. ಅದು ಬರೋದು ರಾತ್ರಿ ಒಂದೂಮುಕ್ಕಾಲಿಗೆ, ಬಿಸಿಲು ಇಲ್ಲದಾಗ, ಕಲ್ಲಿದ್ದಲು ಸುಟ್ಟೋ ಜಲಾಶಯದ ನೀರು ಬಿಟ್ಟೋ ಮಾಡಿದ ಕರೆಂಟು. ಇದನ್ನ ನಮ್ಮ ಮಗಳಿಗೆ ವಿವರಿಸೋಕೆ ಹೋಗಿ ಸೋತೆ. ಅವಳು ಎಂಟನೇ ಕ್ಲಾಸು.

ಎಲ್ಲ ಕಡೆ ಹೀಗೇ ಇದೆ ಅಂತ ನಾನು ಹೇಳಲ್ಲ. ಹಗಲು ಕರೆಂಟ್ ಕೊಡೋಕೆ ನೀವು ಕುಸುಮ್ ಯೋಜನೆಯಲ್ಲಿ ಸಬ್‌ಸ್ಟೇಷನ್ ಪಕ್ಕದಲ್ಲೇ ಸೋಲಾರ್ ಹಾಕಿಸ್ತಿದ್ದೀರಿ, 2025ರ ಜೂನಿನಲ್ಲಿ ಗೌರಿಬಿದನೂರು ತಾಲೂಕಿನಲ್ಲಿ ಮುಖ್ಯಮಂತ್ರಿಗಳೇ ಬಂದು ಉದ್ಘಾಟನೆ ಮಾಡಿದರು. ಗೌರಿಬಿದನೂರು ನಮಗೆ ದೂರ ಏನಲ್ಲ. ಅಲ್ಲಿಯ ನಮ್ಮ ಭಾವ ಹಗಲು ನೀರು ಕಟ್ಟಿ ರಾತ್ರಿ ಮನೇಲಿ ಮಲಗ್ತೀನಿ ಅಂತ ಫೋನಿನಲ್ಲಿ ಹೇಳಿದಾಗ ಹೊಟ್ಟೆ ಉರೀತು. ಬೇಗ ನಮ್ಮ ಕಡೆಗೂ ತನ್ನಿ. ಹಗಲು ಕರೆಂಟ್ ಬಂದರೆ ಅರ್ಧ ಆಟೋ ಸ್ಟಾರ್ಟರ್ ತಾವಾಗೇ ಆಫ್ ಆಗ್ತವೆ, ಯಾಕಂದರೆ ಮನುಷ್ಯ ಎದ್ದು ನೋಡಬಹುದಲ್ಲ.

ಆದರೆ ಒಂದು ಭಯ ಹೇಳ್ತೀನಿ. ಲೈನಿನಿಂದ 500 ಮೀಟರ್ ಆಚೆ ಹೊಸ ಬೋರ್ ಕೊರೆಸಿದವರಿಗೆ ಶೇಕಡಾ 80 ಸಬ್ಸಿಡಿಯಲ್ಲಿ ಸೋಲಾರ್ ಪಂಪು ಕೊಡ್ತಿದ್ದೀರಿ, ರಾಜ್ಯದ್ದು 50, ಕೇಂದ್ರದ್ದು 30. ಕಂಬ ಇಲ್ಲ, ವೈರ್ ಇಲ್ಲ, ನೋಡೋಕೆ ಚೆಂದ. ಸೂರ್ಯ ಹುಟ್ಟಿದಾಗಿಂದ ಮುಳುಗೋ ತನಕ ಓಡುತ್ತೆ. ಕರೆಂಟಿಗಾದರೂ ಏಳು ಗಂಟೆ ಅನ್ನೋ ಒಂದು ಮಿತಿ ಇತ್ತು, ಬಿಸಿಲಿಗೆ ಯಾವ ಮಿತಿ? ಹೊಗೆ ಇಲ್ಲದ ಪಂಪು ಹಸಿರು ಅನ್ನೋದು ಮೇಲಿಂದ ನೋಡೋರ ಲೆಕ್ಕ. ಕೆಳಗೆ ನೀರಿನ ಮಟ್ಟಕ್ಕೆ ಡೀಸೆಲ್ ಎಂಜಿನ್ನೂ ಒಂದೇ, ಸೋಲಾರೂ ಒಂದೇ.

ಗುಜರಾತಿನ ಖೇಡಾ ಜಿಲ್ಲೆಯ ಢುಂಡಿ ಅನ್ನೋ ಊರಲ್ಲಿ ಇದಕ್ಕೊಂದು ದಾರಿ ಹುಡುಕಿದರು. ಆರು ಜನ ರೈತರು ಸೇರಿ ಸೋಲಾರ್ ಪಂಪಿನ ಸಹಕಾರ ಸಂಘ ಮಾಡಿದರು, ನೀರಿಗೆ ಬೇಡವಾದ ಕರೆಂಟನ್ನ ಲೈನಿಗೆ ಮಾರಿದರು, ಯೂನಿಟ್ಟಿಗೆ 4 ರೂಪಾಯಿ 63 ಪೈಸೆ. ಹಾಲಿನ ಡೇರಿ ಇದ್ದ ಹಾಗೆ ಕರೆಂಟಿನ ಡೇರಿ. ನಮ್ಮ ಕನಕಪುರ ತಾಲೂಕಿನ ಹಾರೋಬೆಲೆಯಲ್ಲೂ ಸೂರ್ಯ ರೈತ ಅಂತ ಸುಮಾರು 300 ಪಂಪಿಗೆ ಇಂಥದ್ದೇ ಮಾಡಿದ್ದರು, ಯೂನಿಟ್ಟಿಗೆ 7 ರೂಪಾಯಿ 20 ಪೈಸೆಯಂತೆ. ಆಮೇಲೆ ಸೋಲಾರ್ ರೇಟೇ ಬಿದ್ದುಹೋಯ್ತು, ಆ ರೇಟು ದುಬಾರಿ ಅನ್ನಿಸೋಕೆ ಶುರುವಾಯ್ತು. ರೇಟು ಇಳಿಸಿ, ಮೂರು ರೂಪಾಯಿ ಮಾಡಿ, ಆದರೆ ಆ ಮೂಲ ಯೋಚನೆಯನ್ನ ಬಿಡಬೇಡಿ. ನೀರೆತ್ತೋದಕ್ಕಿಂತ ನೀರೆತ್ತದೆ ಇರೋದರಲ್ಲಿ ರೈತನಿಗೆ ನಾಲ್ಕು ಕಾಸು ಸಿಗಬೇಕು.

ಪಂಪಿನ ವಿಷಯ ಬೇಗ ಮುಗಿಸ್ತೀನಿ. ಮಂಡ್ಯದ ಕಡೆ ಹಿಂದೆ ಸಾವಿರಕ್ಕೂ ಮೇಲೆ ಹಳೇ ಪಂಪು ತೆಗೆದು ಒಳ್ಳೆ ಪಂಪು ಹಾಕಿ ನೋಡಿದರು, ಕರೆಂಟು ಮೂರನೇ ಒಂದು ಪಾಲಿಗಿಂತ ಜಾಸ್ತಿ ಉಳೀತು. ಹಾಗಿದ್ದೂ ನಾವು ಅಂಗಡಿಗೆ ಹೋದರೆ ಸ್ಟಾರ್ ಇರೋ ಪಂಪು ತಗೊಳ್ಳಲ್ಲ. ತಗೊಂಡು ಏನು ಮಾಡಬೇಕು? ಕರೆಂಟು ಉಳಿದರೆ ನಿಮಗೆ ಉಳೀತು, ಪಂಪಿಗೆ ಮೇಲೆ ಕೊಟ್ಟ ದುಡ್ಡು ನನ್ನದು ಹೋಯ್ತು. ಉಳಿಸಿದ ಯೂನಿಟ್ಟಿಗೆ ನಾಲ್ಕು ರೂಪಾಯಿ ಬರುತ್ತೆ ಅಂದರೆ ಅಂಗಡಿಯವನಿಗೆ ನಾವೇ, ಯಾವುದು ಕಮ್ಮಿ ತಿನ್ನುತ್ತೆ ತೆಗಿ ಅಂತೀವಿ. ಡ್ರಿಪ್ಪಿನ ಕತೆಯೂ ಇದೇ. ಶೇಕಡಾ 90 ಸಬ್ಸಿಡಿ ಕೊಡ್ತೀರಿ. ಎಷ್ಟೋ ತೋಟದಲ್ಲಿ ಆ ಪೈಪು ಸುರುಳಿ ಸುತ್ತಿಕೊಂಡು ಶೆಡ್ಡಿನಲ್ಲಿ ಇಲಿಗೆ ಊಟ ಆಗ್ತಾ ಇದೆ, ತೋಟಕ್ಕೆ ಹಾಯ್ನೀರು ಹರೀತಾ ಇದೆ. ಪೈಪು ಕೊಡೋಕೆ ದುಡ್ಡಿದೆ, ಪೈಪು ಬಳಸಿದವನಿಗೆ ಕೊಡೋಕೆ ಯೋಜನೆ ಇಲ್ಲ.

ನಮ್ಮ ಸಾಲಿನ ಕೊನೆ ಹೊಲ ಒಬ್ಬ ಚಿಕ್ಕಪ್ಪನದು, ವರಸೆಯಲ್ಲಿ. ಎರಡೂವರೆ ಎಕರೆ ಖುಷ್ಕಿ. ಎರಡು ಸಲ ಬೋರ್ ಕೊರೆಸಿ ಫೇಲಾಗಿ, ಸಾಲ ತೀರಿಸಿ, ಇನ್ನು ಆ ತಂಟೆ ಬೇಡ ಅಂತ ರಾಗಿ, ಅವರೆ, ಹುಚ್ಚೆಳ್ಳು ಬಿತ್ತುತ್ತಾರೆ. ಈ 10 ಸಾವಿರ ಕೋಟಿಯಲ್ಲಿ ಅವರಿಗೆ ಒಂದು ಪೈಸೆ ಇಲ್ಲ. ದೇಶದ ರಾಗಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಬೆಳೆಯೋ ರಾಜ್ಯ ನಮ್ಮದು, ರಾಗಿಗೆ ಬೆಂಬಲ ಬೆಲೆ 2025-26ಕ್ಕೆ ಕ್ವಿಂಟಲಿಗೆ 4,886 ರೂಪಾಯಿ, ಅಡಿಕೆಗೆ ಮಾರುಕಟ್ಟೆಯಲ್ಲಿ ಅದರ ಎಂಟು ಹತ್ತು ಪಟ್ಟು. ಮಳೆ ನೀರಲ್ಲೇ ಬೆಳೆಯೋನು ಬಡವ, ಪಾತಾಳದ ನೀರು ಎತ್ತೋನಿಗೆ ಕರೆಂಟ್ ಫ್ರೀ. ನಾನು ಅಡಿಕೆ ಬೆಳೆಯೋನೇ, ಬಯ್ಯೋ ಹಕ್ಕು ನನಗಿಲ್ಲ ಅಂತ ಗೊತ್ತು. ಆದರೂ ಹೇಳ್ತೀನಿ, ಉಳಿದ ದುಡ್ಡಿನಲ್ಲಿ ಒಂದು ಪಾಲು ಬೋರ್ ಇಲ್ಲದವರಿಗೆ ಹೋಗಲಿ. ಎಕರೆಗೆ ಇಷ್ಟು ಅಂತ ಕೊಡಿ, ಮಳೆ ಬೆಳೆ ಬೆಳೆದದ್ದಕ್ಕೆ.

ದುಡ್ಡು ಎಲ್ಲಿಂದ ತರೋದು ಅಂತ ಹಣಕಾಸು ಇಲಾಖೆಯವರು ಕೇಳ್ತಾರೆ, ಅವರಿಗೂ ಒಂದು ಲೆಕ್ಕ. ಒಂದು ಸೆಟ್ಟು ವರ್ಷದಲ್ಲಿ 200 ದಿನ, ದಿನಕ್ಕೆ ಒಂದೇ ಒಂದು ಗಂಟೆ ಕಮ್ಮಿ ಓಡಲಿ. ಗಂಟೆಗೆ ಐದು ಯೂನಿಟ್ ಅಂತ ಹಿಡೀರಿ. 34 ಲಕ್ಷ ಸೆಟ್ಟಿಗೆ 340 ಕೋಟಿ ಯೂನಿಟ್. ಏಳು ರೂಪಾಯಿಯಂತೆ 2,380 ಕೋಟಿ. ನಮಗೆ ನಾಲ್ಕು ರೂಪಾಯಿಯಂತೆ 1,360 ಕೋಟಿ ಕೊಟ್ಟರೂ ನಿಮ್ಮ ಹತ್ತಿರ ಸಾವಿರ ಕೋಟಿ ಚಿಲ್ಲರೆ ಉಳಿಯುತ್ತೆ. ಈಗ ಆ ದುಡ್ಡು ಎಲ್ಲಿ ಹೋಗ್ತಿದೆ ಅಂದರೆ ಮಳೆಯಲ್ಲಿ, ಪಾತಿಯಲ್ಲಿ, ನಿಂತ ನೀರಿನ ಮೇಲೆ ಹೋಗ್ತಿದೆ.

ಇಡೀ ರಾಜ್ಯಕ್ಕೆ ಒಂದೇ ಸಲ ಮಾಡಿ ಅಂತ ನಾನು ಹೇಳಲ್ಲ. ಮಾಡಿದರೆ ಟೆಂಡರು, ಕೋರ್ಟು, ಆ್ಯಪು ಅಂತ ಐದು ವರ್ಷ ಕಳೆಯುತ್ತೆ. ಕೋಲಾರದಲ್ಲಿ ಒಂದು ಫೀಡರ್, ನಮ್ಮ ಕಡೆ ಒಂದು, ಹಾವೇರಿಯಲ್ಲೋ ವಿಜಯಪುರದಲ್ಲೋ ಒಂದೊಂದು ಹಿಡೀರಿ, ಬೇರೆ ಬೇರೆ ನೆಲ, ಬೇರೆ ಬೇರೆ ಬೆಳೆ ಇರೋ ಕಡೆ. ಎರಡು ಬೇಸಿಗೆ ನೋಡಿ. ದುಡ್ಡು ಮಾತ್ರ ತಿಂಗಳು ತಿಂಗಳು ಸರಿಯಾಗಿ ಹಾಕಿ. ಬೆಳೆ ಪರಿಹಾರದ ಥರ ಎರಡು ವರ್ಷ ಬಿಟ್ಟು ಬಂದರೆ ಯಾರೂ ನಂಬಲ್ಲ. ಇನ್ನೊಂದು, ಈ ಮೀಟರಿನಿಂದ ಮುಂದೆ ಯಾವತ್ತೂ ಬಿಲ್ ಬರಲ್ಲ ಅಂತ ಬಾಯಿ ಮಾತಲ್ಲಿ ಹೇಳಬೇಡಿ, ಸರ್ಕಾರಿ ಆದೇಶದಲ್ಲಿ ಬರೆದು ಕೊಡಿ. ಅದನ್ನ ಪಂಚಾಯಿತಿ ಗೋಡೆಗೆ ಅಂಟಿಸ್ತೀವಿ.

ನಮ್ಮ ಟಿಸಿ ಕೆಳಗೆ ಎಂಟು ಸೆಟ್ಟಿವೆ. ಹೋದ ಅಮಾವಾಸ್ಯೆ ದಿನ ಕೆಲಸ ಇರಲಿಲ್ಲ, ಎಲ್ಲರನ್ನೂ ಅರಳಿಕಟ್ಟೆ ಹತ್ತಿರ ಕೂರಿಸಿ ಅವರ್ ಮೀಟರಿನ ಕ್ಯಾಲೆಂಡರ್ ತೋರಿಸಿದೆ. ಮೂರು ಜನ ತಾವೂ ಅಂಥದ್ದೇ ಡಬ್ಬಿ ಹಾಕಿಸ್ತೀವಿ ಅಂದರು. ಟಿಸಿಗೆ ಮೀಟರ್ ಹಾಕಿದರೆ ಅಡ್ಡ ಬರಲ್ಲ ಅಂತ ಏಳು ಜನ ಬಿಳಿ ಹಾಳೆ ಮೇಲೆ ಸಹಿ ಹಾಕಿದ್ದಾರೆ, ಅದರ ಫೋಟೋ ಇದೆ, ಕೇಳಿದರೆ ಕಳಿಸ್ತೀನಿ. ಎಂಟನೆಯವರು ನಮ್ಮ ದೊಡ್ಡಪ್ಪ. ಮೊದಲ ಕಂತು ಅಕೌಂಟಿಗೆ ಬಿದ್ದಿದ್ದು ಪಾಸ್‌ಬುಕ್ಕಿನಲ್ಲಿ ತೋರಿಸು, ಆಮೇಲೆ ಸಹಿ ಹಾಕ್ತೀನಿ ಅಂದಿದ್ದಾರೆ.

ಇಂತಿ,
ಮಧುಗಿರಿ ಕಡೆಯ ಒಬ್ಬ ಪಂಪ್‌ಸೆಟ್ ರೈತ